ಗ್ಯಾಂಗ್‌ಸ್ಟರ್ ಸಿನಿಮಾದ ರೀತಿ-ರಿವಾಜು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಲೆ, ದರೋಡೆ ಇದ್ದುಬಿಟ್ಟರೆ ಅದು ಗ್ಯಾಂಗ್‌ಸ್ಟರ್ ಸಿನಿಮಾನಾ?

ಅಷ್ಟು ಸಾಲದು. ಕೊಲೆ ಮಾಡಿದವರು ಯಾರು ಎಂದು ಹುಡುಕಿಕೊಂಡು ಹೋದರೆ ಅದು ಪತ್ತೇದಾರಿ. ಒಂದೇ ಕಳ್ಳತನಕ್ಕೆ ಸ್ಕೆಚ್ ಹಾಕಿ, ಕೆಲಸ ಮುಗಿದ ಮೇಲೆ ದಿಕ್ಕಾಪಾಲಾಗುವವರ ಕಥೆಗೆ ಹೈಸ್ಟ್ ಅನ್ನುತ್ತಾರೆ. ಮರ್ಯಾದಸ್ಥ ಮನುಷ್ಯನೊಬ್ಬ ಆಸೆಗೆ ಬಿದ್ದು ಒಂದು ತಪ್ಪು ಹೆಜ್ಜೆ ಇಟ್ಟು ಮುಳುಗಿಹೋದರೆ ಅದು ನುವಾರ್. ಗ್ಯಾಂಗ್‌ಸ್ಟರ್ ಸಿನಿಮಾಕ್ಕೆ ಮೂರು ಸಂಗತಿ ಬೇಕು: ತನ್ನದೇ ಕಟ್ಟಳೆ ಇರುವ ಒಂದು ಗುಂಪು, ಆ ಗುಂಪಿಗೆ ದಿನವೂ ದುಡ್ಡು ತರುವ ಒಂದು ಅಕ್ರಮ ವ್ಯವಹಾರ, ಮತ್ತು ಎಲ್ಲವನ್ನೂ ಗುಂಪಿನ ಒಳಗೆ ನಿಂತು ನೋಡುವ ಕಣ್ಣು.

ಅನುಮಾನ ಬಂದರೆ ಒಂದು ಪರೀಕ್ಷೆ ಇದೆ. ಕಥೆಯಿಂದ ಆಯುಧಗಳನ್ನೆಲ್ಲ ತೆಗೆದುಬಿಡಿ. ಯಾರು ಯಾರಿಗೆ ಎಷ್ಟು ಬಾಕಿ, ಯಾರ ಮಾತನ್ನು ಯಾರು ಮೀರಿದರು, ಅದನ್ನು ಯಾರು ವಸೂಲಿ ಮಾಡುತ್ತಾರೆ ಎಂಬ ಎಳೆ ಆಗಲೂ ಉಳಿದರೆ ಅದು ಗ್ಯಾಂಗ್‌ಸ್ಟರ್ ಸಿನಿಮಾ. ಕೆಳಗಿನ ಬಹುಪಾಲು ಉತ್ತರಗಳು ಸುತ್ತಿ ಬಳಸಿ ಈ ಬಾಕಿಯ ಲೆಕ್ಕಕ್ಕೇ ಬರುತ್ತವೆ.

ಈ ಪ್ರಕಾರ ಶುರುವಾಗಿದ್ದು ಯಾವಾಗ?

ಡಿ. ಡಬ್ಲ್ಯು. ಗ್ರಿಫಿತ್ 1912ರಲ್ಲಿ ತೆಗೆದ 'ದಿ ಮಸ್ಕಿಟಿಯರ್ಸ್ ಆಫ್ ಪಿಗ್ ಆಲಿ' ಎಂಬ ಕಿರು ಮೂಕಿಚಿತ್ರದಿಂದ ಲೆಕ್ಕ ಹಿಡಿಯುವುದು ವಾಡಿಕೆ. 1927ರ 'ಅಂಡರ್‌ವರ್ಲ್ಡ್' ಚಿತ್ರದ ಕಥೆಗೆ ಬೆನ್ ಹೆಕ್ಟ್ ಅವರಿಗೆ ಮೊಟ್ಟಮೊದಲ ಆಸ್ಕರ್ ಸಮಾರಂಭದಲ್ಲೇ ಪ್ರಶಸ್ತಿ ಬಂತು. ಆತ ಷಿಕಾಗೋದಲ್ಲಿ ಪತ್ರಿಕಾ ವರದಿಗಾರನಾಗಿದ್ದವರು. ಆದರೆ ನಾವು ಇವತ್ತು ಗುರುತಿಸುವ ಅಚ್ಚು ಬಿದ್ದಿದ್ದು 1931-32ರಲ್ಲಿ: 'ಲಿಟಲ್ ಸೀಸರ್', 'ದಿ ಪಬ್ಲಿಕ್ ಎನಿಮಿ', 'ಸ್ಕಾರ್‌ಫೇಸ್'.

ಆ ಎರಡು ವರ್ಷದಲ್ಲೇ ಯಾಕೆ ಎಂದರೆ ಮೂರು ಕಾರಣ ಒಟ್ಟಿಗೆ ಕೂಡಿಬಂದವು. 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಕುಡಿಯುವವರು ಕುಡಿಯುತ್ತಲೇ ಇದ್ದರು, ಹಾಗಾಗಿ ಕಳ್ಳಸಾರಾಯಿ ಸಾಗಿಸುವವನು ಜನರ ಕಣ್ಣಿಗೆ ಅರ್ಧ ಖಳ, ಅರ್ಧ ಉಪಕಾರಿ. 1929ರ ಫೆಬ್ರವರಿ 14ರಂದು ಷಿಕಾಗೋದ ಗ್ಯಾರೇಜೊಂದರಲ್ಲಿ 7 ಜನರನ್ನು ಗೋಡೆಗೆ ನಿಲ್ಲಿಸಿ ಕೊಂದ ಮೇಲೆ ಪತ್ರಿಕೆಗಳ ಮುಖಪುಟ ತುಂಬ ಇವರದೇ ಸುದ್ದಿ. ಮೂರನೆಯದು ಧ್ವನಿ. ಮೂಕಿಯಲ್ಲಿ ಬಂದೂಕು ಬರೀ ಹೊಗೆ. ಟಾಕಿ ಬಂದ ಮೇಲೆ ಮಷಿನ್‌ಗನ್ನಿನ ಸದ್ದು, ಟೈರಿನ ಕಿರುಚಾಟ, ಪಟಪಟ ಬೀದಿ ಮಾತು ಎಲ್ಲವೂ ಟಿಕೆಟ್ ಕೊಂಡವರಿಗೆ ಹೊಸ ಅನುಭವವಾಯಿತು.

'ಏಳು-ಬೀಳು' ಚೌಕಟ್ಟು ಅಂತಾರಲ್ಲ, ಅದರ ಹಂತಗಳು ಯಾವುವು?

120 ನಿಮಿಷದ ಚಿತ್ರ ಎಂದುಕೊಳ್ಳಿ. ಚಿತ್ರಕಥೆಯಲ್ಲಿ ಒಂದು ಪುಟಕ್ಕೆ ಒಂದು ನಿಮಿಷದ ಲೆಕ್ಕ. ಮೊದಲ 10-12 ನಿಮಿಷದಲ್ಲಿ ಒಂದು ಸಣ್ಣ ಅಪರಾಧ, ಅದರಲ್ಲಿ ನಾಯಕನ ಧೈರ್ಯವೋ ತಲೆಯೋ ಎದ್ದು ಕಾಣಬೇಕು, ಮತ್ತು ದೊಡ್ಡವನೊಬ್ಬ ಅದನ್ನು ಗಮನಿಸಬೇಕು. 25-30ನೇ ನಿಮಿಷಕ್ಕೆ ಗುಂಪಿನೊಳಗೆ ಪ್ರವೇಶ. ಇಲ್ಲಿ ನಾಯಕ ಏನನ್ನಾದರೂ ಒಪ್ಪಿಕೊಂಡಿರಬೇಕು, ಆ ಮಾತೇ ಕೊನೆಗೆ ಅವನ ಕುತ್ತಿಗೆಗೆ ಬರುತ್ತದೆ. ಅಲ್ಲಿಂದ ಅರ್ಧದವರೆಗೆ ಏರಿಕೆ: ಹೊಸ ಬಟ್ಟೆ, ಹೊಸ ಕಾರು, ಹೊಸ ಮನೆ, ಹಳೆಯ ಗೆಳೆಯನ ಜೊತೆ ಮೊದಲ ಬಿರುಕು. 60-70ನೇ ನಿಮಿಷದ ಸುಮಾರಿಗೆ ತನಗೆ ಅನ್ನ ಹಾಕಿದ ಬಾಸ್‌ನನ್ನೇ ಎತ್ತಿಸಿ ಅವನ ಕುರ್ಚಿಯಲ್ಲಿ ಕೂರುತ್ತಾನೆ. ಉಳಿದ ಅರ್ಧ ಇಳಿಕೆ. ಯಾರನ್ನೂ ನಂಬದ ಸ್ಥಿತಿ, ಮನೆಯೊಳಗೆ ಜಗಳ, ಒಂದು ಅನಗತ್ಯ ಕೊಲೆ, ಒಬ್ಬ ಬಾಯಿ ಬಿಡುವುದು, ಅಂತ್ಯ.

ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಏರಿಕೆಗೇ 90 ನಿಮಿಷ ಕೊಟ್ಟುಬಿಡುತ್ತಾರೆ, ಯಾಕೆಂದರೆ ಬರೆಯಲು ಅದೇ ಮಜಾ. ಆಮೇಲೆ ಪತನವನ್ನು ಒಂದು ಹಾಡಿನಲ್ಲೋ ಮಾಂಟಾಜ್‌ನಲ್ಲೋ ಮುಗಿಸುತ್ತಾರೆ. ಪ್ರೇಕ್ಷಕನಿಗೆ ಅದು ಅಪಘಾತದಂತೆ ಕಾಣುತ್ತದೆಯೇ ಹೊರತು ಅವನೇ ಮಾಡಿಕೊಂಡದ್ದು ಅನ್ನಿಸುವುದಿಲ್ಲ. ಇನ್ನೊಂದು, ಬೀಳಿಸುವ ಕಾರಣ ಹೊರಗಿನಿಂದ ಬರುವುದು. ಎಲ್ಲಿಂದಲೋ ಹೊಸ ವಿಲನ್ ಬಂದು ನಾಯಕನನ್ನು ಹೊಡೆದುಹಾಕಿದರೆ ಅದು ಬರೀ ಆಕ್ಷನ್. ಯಾವ ಗುಣ ಅವನನ್ನು ಮೇಲಕ್ಕೆ ಒಯ್ದಿತೋ, ದುಡುಕು ಅಥವಾ ಅನುಮಾನ ಅಥವಾ ಹಟ, ಅದೇ ಗುಣ ಕೆಳಗೂ ತಳ್ಳಬೇಕು. ಬರೆಯುವಾಗ ಏರಿಕೆಯ ಪ್ರತಿ ಮೆಟ್ಟಿಲಿಗೂ ಇಳಿಕೆಯಲ್ಲಿ ಒಂದು ಜೋಡಿ ದೃಶ್ಯ ಇದೆಯೇ ಎಂದು ಎರಡು ಕಾಲಂ ಹಾಕಿ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ನಾಯಕ ಕೊನೆಗೆ ಸಾಯಲೇಬೇಕಾ?

ಈಗ ಬೇಕಿಲ್ಲ. ಒಂದು ಕಾಲದಲ್ಲಿ ಹೆಚ್ಚುಕಡಿಮೆ ಕಡ್ಡಾಯವಾಗಿತ್ತು. ಹಾಲಿವುಡ್ 1930ರಲ್ಲಿ ಒಪ್ಪಿಕೊಂಡ ನಿರ್ಮಾಣ ಸಂಹಿತೆಯನ್ನು, ಅಂದರೆ ಹೇಸ್ ಕೋಡನ್ನು, 1934ರ ಜುಲೈನಿಂದ ಬಿಗಿಯಾಗಿ ಜಾರಿಗೆ ತಂದರು. ಅಪರಾಧಿಯ ಮೇಲೆ ಅನುಕಂಪ ಹುಟ್ಟಬಾರದು, ಅಪರಾಧದ ವಿಧಾನ ವಿವರವಾಗಿ ತೋರಿಸಬಾರದು, ಕಾನೂನನ್ನು ಗೇಲಿ ಮಾಡಬಾರದು ಎಂಬುದು ಅದರ ಸಾರ. ಗುಂಡೇಟು, ವಿದ್ಯುತ್ ಕುರ್ಚಿ ಅಥವಾ ಜೈಲು, ಇಷ್ಟರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಅದಕ್ಕೂ ಮುಂಚೆಯೇ 1932ರ 'ಸ್ಕಾರ್‌ಫೇಸ್'ಗೆ ಸೆನ್ಸಾರ್ ಒತ್ತಡದಿಂದ ನಾಯಕನನ್ನು ವಿಚಾರಣೆ ಮಾಡಿ ಗಲ್ಲಿಗೇರಿಸುವ ಇನ್ನೊಂದು ಅಂತ್ಯ ಚಿತ್ರೀಕರಿಸಿ ಸೇರಿಸಬೇಕಾಯಿತು.

ಸ್ಟುಡಿಯೋಗಳು ಸುಮ್ಮನೆ ಕೂರಲಿಲ್ಲ. 'ಪಬ್ಲಿಕ್ ಎನಿಮಿ'ಯಲ್ಲಿ ರೌಡಿಯಾಗಿ ಮಿಂಚಿದ ಜೇಮ್ಸ್ ಕ್ಯಾಗ್ನಿ 1935ರ 'ಜಿ ಮೆನ್' ಚಿತ್ರದಲ್ಲಿ ಫೆಡರಲ್ ಏಜೆಂಟ್ ಆದರು. ಅದೇ ಪಟಪಟ ಮಾತು, ಅದೇ ಗುಂಡಿನ ಮಳೆ, ಎದೆಯ ಮೇಲೆ ಬ್ಯಾಡ್ಜ್ ಮಾತ್ರ ಹೊಸದು. 1968ರ ನವೆಂಬರ್‌ನಲ್ಲಿ ಸಂಹಿತೆ ಹೋಗಿ ರೇಟಿಂಗ್ ಪದ್ಧತಿ ಬಂದ ಮೇಲೆ ಅಂತ್ಯಗಳ ಬಗೆ ಹೆಚ್ಚಿತು. 1972ರ 'ದಿ ಗಾಡ್‌ಫಾದರ್'ನಲ್ಲಿ ನಾಯಕ ಗೆಲ್ಲುತ್ತಾನೆ, ಆದರೆ ಹೆಂಡತಿಯ ಮುಖದ ಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ. 1990ರ 'ಗುಡ್‌ಫೆಲಾಸ್'ನಲ್ಲಿ ಸಾಕ್ಷಿ ರಕ್ಷಣಾ ಯೋಜನೆಯಡಿ ಯಾವುದೋ ಬಡಾವಣೆಯಲ್ಲಿ ಬದುಕಿ ಉಳಿದವನಿಗೆ ಸರಿಯಾದ ಊಟ ಸಿಗುತ್ತಿಲ್ಲ ಎಂಬ ಗೊಣಗಾಟ. ಸಾವಿಗಿಂತ ಕ್ರೂರ ಶಿಕ್ಷೆ ಅನ್ನಿಸಿದರೆ ಅದು ನಿರ್ದೇಶಕನ ಜಾಣ್ಮೆ.

ಗುಂಪಿನೊಳಗೆ ಯಾರು ಮೇಲೆ, ಯಾರು ಕೆಳಗೆ?

ಅಮೆರಿಕದ ಮಾಫಿಯಾ ಚಿತ್ರಗಳಲ್ಲಿ ಮೇಲಿನಿಂದ ಕೆಳಕ್ಕೆ: ಬಾಸ್, ಅಂಡರ್‌ಬಾಸ್, ಪಕ್ಕದಲ್ಲಿ ಸಲಹೆಗಾರನಾದ ಕಾನ್ಸಿಲಿಯೇರಿ, ಆಮೇಲೆ ಕಾಪೊ, ಅವನ ಕೈಕೆಳಗೆ ಸೋಲ್ಜರ್‌ಗಳು, ಎಲ್ಲರಿಗಿಂತ ಹೊರಗೆ ಅಸೋಸಿಯೇಟ್. ದುಡ್ಡು ಕೆಳಗಿನಿಂದ ಮೇಲೆ ಹರಿಯುತ್ತದೆ, ಆಜ್ಞೆ ಮೇಲಿನಿಂದ ಕೆಳಗೆ. ಜಪಾನಿನ ಯಾಕುಜಾ ಚಿತ್ರಗಳಲ್ಲಿ ಸಂಬಂಧವೇ ತಂದೆ-ಮಗನದು: ಒಯಾಬುನ್, ಕೊಬುನ್. ಸಾಕೆ ಎಂಬ ಅಕ್ಕಿ ಮದ್ಯದ ಬಟ್ಟಲು ಹಂಚಿಕೊಂಡರೆ ನಂಟು ಬೆಸೆದ ಹಾಗೆ. ತಪ್ಪು ಮಾಡಿದವನು ಕಿರುಬೆರಳಿನ ಗೆಣ್ಣು ಕತ್ತರಿಸಿ ಒಪ್ಪಿಸುತ್ತಾನೆ. ಹಾಂಗ್‌ಕಾಂಗ್ ಟ್ರಯಡ್ ಚಿತ್ರಗಳಲ್ಲಿ ಹುದ್ದೆಗೆ ಸಂಖ್ಯೆ: ಮುಖ್ಯಸ್ಥ 489, ಹೊಡೆದಾಟದ ನಾಯಕ 426, ಲೆಕ್ಕ-ಆಡಳಿತ ನೋಡುವವನು 415, ಸಾಮಾನ್ಯ ಸದಸ್ಯ 49.

ಶ್ರೇಣಿಯನ್ನು ಸಂಭಾಷಣೆಯಲ್ಲಿ ವಿವರಿಸಲು ಹೋದರೆ ಪಾಠ ಮಾಡಿದ ಹಾಗಿರುತ್ತದೆ. ಯಾರು ಎದ್ದು ನಿಲ್ಲುತ್ತಾರೆ, ಯಾರ ಸಿಗರೇಟಿಗೆ ಯಾರು ಬೆಂಕಿ ಕೊಡುತ್ತಾರೆ, ಕಾರಿನಲ್ಲಿ ಯಾರು ಹಿಂದಿನ ಸೀಟು ಹಿಡಿಯುತ್ತಾರೆ, ಇಷ್ಟು ತೋರಿಸಿದರೆ ಮುಗಿಯಿತು. ಇದೇ ಕ್ರಮವನ್ನು ಒಮ್ಮೆ ಮುರಿದು ತೋರಿಸಿದರೆ ದಂಗೆ ಶುರುವಾಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ದ್ರೋಹ ಮಾಡುವವನು ಯಾವಾಗಲೂ ಹತ್ತಿರದವನೇ ಯಾಕೆ?

ದೂರದವನಿಗೆ ಮಾರಲು ಗುಟ್ಟೇ ಇರುವುದಿಲ್ಲ. ಇದರ ಜೊತೆ ಕಾನೂನಿನ ಕಾರಣವೂ ಉಂಟು. ಅಮೆರಿಕದಲ್ಲಿ 1970ರಲ್ಲಿ ರಿಕೊ ಕಾಯ್ದೆ ಬಂದ ಮೇಲೆ ಕೈಯಾರೆ ಕೊಲೆ ಮಾಡದ ಬಾಸ್‌ನನ್ನೂ ಗುಂಪಿನ ಅಪರಾಧಗಳ ಹೊಣೆಗೆ ಎಳೆಯುವುದು ಸಾಧ್ಯವಾಯಿತು, ದೀರ್ಘ ಶಿಕ್ಷೆಯ ಭಯಕ್ಕೆ ಕೆಳಗಿನವರು ಸಾಕ್ಷಿಯಾಗತೊಡಗಿದರು. 1970ಕ್ಕೆ ಮುಂಚಿನ ಕಥೆಗಳಲ್ಲಿ ದ್ರೋಹಿ ಸಾಮಾನ್ಯವಾಗಿ ಎದುರು ಗುಂಪಿಗೆ ಮಾರಿಕೊಳ್ಳುತ್ತಾನೆ. ನಂತರದ ಕಥೆಗಳಲ್ಲಿ ಎದೆಗೆ ಮೈಕ್ ಕಟ್ಟಿಕೊಂಡು ಬರುತ್ತಾನೆ. 1950ರ ದಶಕದ ಕಥೆಗೆ ಈ ಎರಡನೆಯ ಬಗೆಯನ್ನು ಯೋಚಿಸದೆ ತಂದು ಅಂಟಿಸುವುದು ಸಾಮಾನ್ಯ ಪ್ರಮಾದ.

ಇವರಿಗೆ ದುಡ್ಡು ಬರುವುದಾದರೂ ಎಲ್ಲಿಂದ? ಎಷ್ಟೋ ಚಿತ್ರಗಳಲ್ಲಿ ಅದು ಗೊತ್ತೇ ಆಗುವುದಿಲ್ಲ.

ಗೊತ್ತಾಗದಿದ್ದರೆ ಅದು ಚಿತ್ರಕಥೆಯ ದೋಷ. ಹಳೆಯ ಚಿತ್ರಗಳಲ್ಲಿ ಸರಳ: ಕಳ್ಳಸಾರಾಯಿ. ಬಿಯರ್ ಪೀಪಾಯಿ ಹೊತ್ತ ಲಾರಿ, ನಮ್ಮ ಮಾಲನ್ನೇ ತಗೋ ಎಂದು ಅಂಗಡಿಯವನನ್ನು ಬೆದರಿಸುವ ದೃಶ್ಯ. ನಂತರದವುಗಳಲ್ಲಿ ಹಫ್ತಾ, ಜೂಜು, ಮೀಟರ್ ಬಡ್ಡಿ, ಕಾರ್ಮಿಕ ಸಂಘಗಳ ಮೇಲಿನ ಹಿಡಿತ, ಮಾದಕ ವಸ್ತು.

ಎರಡು ಲೆಕ್ಕ ತಿಳಿದಿದ್ದರೆ ದೃಶ್ಯ ತಾನೇ ಗಟ್ಟಿಯಾಗುತ್ತದೆ. ಅಮೆರಿಕದ 'ನಂಬರ್ಸ್' ಜೂಜಿನಲ್ಲಿ ಮೂರು ಅಂಕಿಯ ಸಂಖ್ಯೆಗೆ ಬಾಜಿ. ಗೆಲ್ಲುವ ಸಾಧ್ಯತೆ 1000ಕ್ಕೆ 1, ಗೆದ್ದವನಿಗೆ ಸಾಮಾನ್ಯವಾಗಿ 600 ಪಟ್ಟು. ಅಂದರೆ ಬಂದ ಹಣದಲ್ಲಿ ಸರಾಸರಿ 40 ಪ್ರತಿಶತ ಆಡಿಸುವವನ ಕೈಯಲ್ಲೇ ಉಳಿಯುತ್ತದೆ, ಅದರಿಂದಲೇ ಬಾಜಿ ಹಣ ಸಂಗ್ರಹಿಸಿ ತರುವ ಓಟಗಾರರ ಪಾಲು, ಪೊಲೀಸರ ಮಾಮೂಲಿ ಎಲ್ಲ ಹೊರಡಬೇಕು. ಬೀದಿ ಬಡ್ಡಿಯ ಹಳೆಯ ದರ 'ಐದಕ್ಕೆ ಆರು': ಈ ವಾರ 5 ತಗೊಂಡರೆ ಮುಂದಿನ ವಾರ 6. ವಾರಕ್ಕೆ 20 ಪ್ರತಿಶತ. ಅಸಲು ತೀರುವುದು ಸಾಲ ಕೊಟ್ಟವನಿಗೂ ಬೇಕಿಲ್ಲ, ಹಾಗಾಗಿ ಸಾಲಗಾರನನ್ನು ಕೊಂದುಬಿಡುವ ದೃಶ್ಯ ವ್ಯಾಪಾರದ ದೃಷ್ಟಿಯಿಂದ ದಡ್ಡತನ. ಕೊಲ್ಲಿಸುವುದಾದರೆ ಪ್ರತಿಷ್ಠೆಯ ಕಾರಣವನ್ನಾದರೂ ಕೊಡಿ.

ಹಣದ ಸೂಟ್‌ಕೇಸ್ ಬಗ್ಗೆಯೂ ಕೇಳುತ್ತಾರೆ. ಅಮೆರಿಕದ ನೋಟು ಯಾವ ಮುಖಬೆಲೆಯದಾದರೂ ಸುಮಾರು 1 ಗ್ರಾಂ. 10 ಲಕ್ಷ ಡಾಲರ್ 100ರ ನೋಟುಗಳಲ್ಲಿ 10 ಕಿಲೋ. ಒಬ್ಬ ಎತ್ತಬಹುದು, ಆದರೆ ತೋಳು ಜಗ್ಗುತ್ತದೆ. ಅದೇ 20ರ ನೋಟುಗಳಲ್ಲಾದರೆ 50 ಕಿಲೋ. ಬೀದಿ ವ್ಯವಹಾರದ ದುಡ್ಡು ಬಹುತೇಕ ಸಣ್ಣ ನೋಟುಗಳಲ್ಲೇ ಬರುತ್ತದೆ. ಹಾಗಿರುವಾಗ ನಟ ಖಾಲಿ ಪೆಟ್ಟಿಗೆಯನ್ನು ಗಾಳಿಯಲ್ಲಿ ಬೀಸಿಕೊಂಡು ನಡೆದರೆ ಕಣ್ಣಿಗೆ ಹೊಡೆಯುತ್ತದೆ. ಪೆಟ್ಟಿಗೆಯಲ್ಲಿ ಅಷ್ಟೇ ತೂಕದ ಪೇಪರ್ ಕಟ್ಟು ಇಟ್ಟರೆ ನಟನೆಗೂ ಸುಲಭ.

ಮುಖ್ಯ ಕೊಲೆಗಳು ಊಟದ ಮೇಜಿನ ಮೇಲೇ ಯಾಕೆ ನಡೆಯುತ್ತವೆ?

ಊಟ ಎಂದರೆ ಕದನವಿರಾಮ. ಎರಡೂ ಕಡೆಯವರು ಎದುರುಬದುರು ಕೂರಲು ಬೇರೆ ನೆಪ ಸಿಗುವುದು ಕಷ್ಟ, ಕೈಗಳು ಮೇಜಿನ ಮೇಲೆ ಕಾಣುತ್ತಿರುತ್ತವೆ, ಸುತ್ತ ಸಾಕ್ಷಿಗಳಿರುತ್ತಾರೆ. ಅಂಥ ಕಡೆ ರಕ್ತ ಹರಿದರೆ ಕೊಲೆಯ ಜೊತೆ ಮಾತೂ ಮುರಿದ ಹಾಗೆ.

'ದಿ ಗಾಡ್‌ಫಾದರ್'ನ ಹೋಟೆಲ್ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡಿ. ನಾಯಕ ಮೈಕಲ್‌ಗೆ ಮೊದಲೇ ಪಾಠ ಆಗಿದೆ: ಶೌಚಾಲಯದ ನೀರಿನ ತೊಟ್ಟಿಯ ಹಿಂದೆ ಬಂದೂಕು ಇರುತ್ತದೆ, ಹೊರಗೆ ಬಂದ ತಕ್ಷಣ ಹೊಡಿ, ಬಂದೂಕು ಕೈಬಿಟ್ಟು ನಡೆದುಬಿಡು. ಮೇಜಿನ ಬಳಿ ಎದುರು ಕಡೆಯ ಸೊಲೊಝೊ ಇಟಾಲಿಯನ್‌ನಲ್ಲಿ ಮಾತಾಡುತ್ತಾನೆ, ಅದಕ್ಕೆ ಅಡಿಬರಹವಿಲ್ಲ. ಏನು ಹೇಳುತ್ತಿದ್ದಾನೆ ಎಂಬುದು ಈಗ ಲೆಕ್ಕಕ್ಕಿಲ್ಲ, ಮೈಕಲ್‌ನ ಕಣ್ಣು ಮಾತ್ರ ನೋಡಿ ಎಂದ ಹಾಗೆ. ಬಂದೂಕು ಹಿಡಿದು ಹೊರಬಂದವನು ಹೇಳಿಕೊಟ್ಟ ಹಾಗೆ ಮಾಡುವುದಿಲ್ಲ, ಮತ್ತೆ ಬಂದು ಕೂರುತ್ತಾನೆ. ಆಗ ಎಲ್ಲೋ ಓಡುವ ರೈಲಿನ ಸದ್ದು ಏರುತ್ತಾ ಏರುತ್ತಾ ಮಾತನ್ನೇ ಮುಳುಗಿಸುತ್ತದೆ. ರೈಲನ್ನು ಒಮ್ಮೆಯೂ ತೋರಿಸುವುದಿಲ್ಲ. ಸಂಗೀತವೂ ಇಲ್ಲ, ಗುಂಡು ಹಾರಿ, ಬಂದೂಕು ನೆಲಕ್ಕೆ ಬಿದ್ದ ಮೇಲಷ್ಟೇ ಅದು ಶುರು. ಇದನ್ನು ನಕಲು ಮಾಡಿದ ಎಷ್ಟೋ ಚಿತ್ರಗಳು ಸದ್ದನ್ನು ಎತ್ತಿಕೊಂಡವು, ಮತ್ತೆ ಬಂದು ಕೂರುವ ಆ ಅಳುಕನ್ನು ಬಿಟ್ಟವು.

ಸೂಟು, ಹ್ಯಾಟು, ಕಾರು: ಇವಿಲ್ಲದೆ ಆಗುವುದಿಲ್ಲವೇ?

ಆಗುತ್ತದೆ. ಆದರೆ ಇವು ಶೋಕಿಗಷ್ಟೇ ಇಲ್ಲ, ಏರಿಕೆಯನ್ನು ಅಳೆಯುವ ಗೆರೆಗಳು. ದರ್ಜಿಯ ಮುಂದೆ ಅಳತೆ ಕೊಡುವ ದೃಶ್ಯ 1931ರಿಂದಲೂ ಇದೆ. ವಸ್ತ್ರ ವಿನ್ಯಾಸಕರು ನಾಯಕನಿಗೆ ಕನಿಷ್ಠ ಮೂರು ಹಂತ ಮಾಡಿಕೊಳ್ಳುತ್ತಾರೆ: ಭುಜ ಸಡಿಲವಾದ ರೆಡಿಮೇಡ್, ಮೈಗೆ ಅಂಟಿ ಕೂರುವ ಹೊಲಿಸಿದ ಸೂಟು, ಕೊನೆಗೆ ಅತಿಯಾದ ಬಣ್ಣ-ಆಭರಣ. ಹುಟ್ಟಾ ಶ್ರೀಮಂತ ಪಾತ್ರಕ್ಕೆ ಈ ಮೂರನೇ ಹಂತ ಬರುವುದಿಲ್ಲ, ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

ಹೆಣ್ಣು ಪಾತ್ರಗಳು ಯಾಕೆ ಇಷ್ಟು ಸಪ್ಪೆ?

ತಾಯಿ, ತಂಗಿ, ಹೆಂಡತಿ, ಕ್ಲಬ್ಬಿನ ಗೆಳತಿ ಎಂಬ ನಾಲ್ಕು ಖಾನೆಯಲ್ಲಿ ಹಾಕಿ ಮುಗಿಸಿದ್ದರಿಂದ. ಇವರೆಲ್ಲ ಬಹಳ ಸಲ ನಾಯಕ ಏನು ಕಳೆದುಕೊಂಡ ಎಂದು ತೋರಿಸುವ ಕನ್ನಡಿಗಳಷ್ಟೇ. 'ಪಬ್ಲಿಕ್ ಎನಿಮಿ'ಯಲ್ಲಿ ತಿಂಡಿ ಮೇಜಿನ ಬಳಿ ಗೆಳತಿಯ ಮುಖಕ್ಕೆ ಹಣ್ಣಿನ ಹೋಳು ಒತ್ತುವ ದೃಶ್ಯ ಇಷ್ಟು ವರ್ಷವಾದರೂ ಜನರಿಗೆ ನೆನಪಿದೆ, ಆ ಪಾತ್ರದ ಹೆಸರು ಕೇಳಿದರೆ ಹೇಳುವವರು ಕಡಿಮೆ. 'ಗುಡ್‌ಫೆಲಾಸ್' ಮಾಡಿದ ಬದಲಾವಣೆ ಚಿಕ್ಕದು, ಪರಿಣಾಮ ದೊಡ್ಡದು: ನಿರೂಪಣೆಯ ಒಂದು ಪಾಲನ್ನು ಹೆಂಡತಿಯ ಬಾಯಿಗೆ ಕೊಟ್ಟರು. ರಕ್ತ ಹತ್ತಿದ ಬಂದೂಕನ್ನು ಬಚ್ಚಿಡು ಎಂದು ಕೊಟ್ಟಾಗ ಹೆದರಿ ಓಡುವ ಬದಲು ತನಗೆ ಅದು ಹಿಡಿಸಿತು ಎಂದು ಆಕೆಯೇ ಒಪ್ಪಿಕೊಳ್ಳುತ್ತಾಳೆ. ದುಡ್ಡು ಎಲ್ಲಿಂದ ಬಂತೆಂದು ಗೊತ್ತಿದ್ದೂ ಸುಮ್ಮನಿರುವವಳು ಕಥೆಗೆ ಅಳುವವಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತಾಳೆ.

ಹಿನ್ನೆಲೆ ಧ್ವನಿ ಇರಲೇಬೇಕೇ?

ಬೇಡ. ಬಳಸಿದರೆ ತೆರೆಯ ಮೇಲೆ ಕಾಣುವುದನ್ನೇ ಹೇಳಬಾರದು. ವ್ಯವಹಾರದ ಒಳಗುಟ್ಟು ಹೇಳಲು, ಇಲ್ಲವೇ ಚಿತ್ರ ತೋರಿಸುತ್ತಿರುವುದಕ್ಕೆ ವಿರುದ್ಧವಾಗಿ ಸುಳ್ಳು ಬೊಗಳೆ ಬಿಡಲು ಅದು ಚೆಂದ. ಎಡಿಟಿಂಗ್‌ನಲ್ಲಿ ಕಥೆ ಅರ್ಥವಾಗುತ್ತಿಲ್ಲ ಎಂದು ತೇಪೆ ಹಚ್ಚಿದ ಧ್ವನಿ ಹತ್ತು ಸೆಕೆಂಡಿನಲ್ಲಿ ಸಿಕ್ಕಿಬೀಳುತ್ತದೆ.

ಪೂಜೆ ಒಂದು ಕಡೆ, ಕೊಲೆ ಇನ್ನೊಂದು ಕಡೆ: ಈ ಕ್ರಾಸ್‌ಕಟ್ ಎಲ್ಲಿಂದ ಬಂತು?

ತಂತ್ರ ಮೂಕಿ ಕಾಲದ್ದು. ಈ ಪ್ರಕಾರದಲ್ಲಿ ಅದನ್ನು ಎಲ್ಲರ ಬಾಯಲ್ಲೂ ತಂದದ್ದು 'ದಿ ಗಾಡ್‌ಫಾದರ್'ನ ದೀಕ್ಷಾಸ್ನಾನದ ಸರಣಿ. ಚರ್ಚಿನಲ್ಲಿ ಸೈತಾನನನ್ನು ತ್ಯಜಿಸುವೆಯಾ ಎಂಬ ಪ್ರಶ್ನೆಗೆ ಮೈಕಲ್ ಹೌದೆನ್ನುತ್ತಾನೆ, ಹೊರಗೆ ಅವನ ಐವರು ವೈರಿಗಳು ಉರುಳುತ್ತಾರೆ. ಅದು ಗೆದ್ದಿರುವುದು ಬರೀ ವ್ಯಂಗ್ಯದಿಂದಲ್ಲ. ಆರ್ಗನ್ ಮತ್ತು ಪಾದ್ರಿಯ ಧ್ವನಿ ಎರಡೂ ಕಡೆಯ ಚಿತ್ರಗಳ ಮೇಲೆ ತುಂಡಾಗದೆ ಹರಿಯುತ್ತದೆ. ಮೊದಲು ಕೊಲೆಗಾರರ ತಯಾರಿ, ಕ್ಷೌರ, ಪೆಟ್ಟಿಗೆ, ಮೆಟ್ಟಿಲು, ನಂತರ ಸಾಲಾಗಿ ಕೊಲೆಗಳು.

ಮಾಡಿ ನೋಡುವವರಿಗೆ: ಎರಡಕ್ಕಿಂತ ಹೆಚ್ಚು ಜಾಗ ಇದ್ದರೆ ಪ್ರತಿ ಜಾಗವನ್ನೂ ಮೊದಲ ಸಲ ಕನಿಷ್ಠ ಎರಡು-ಮೂರು ಸೆಕೆಂಡಿನ ವೈಡ್ ಶಾಟಿನಲ್ಲಿ ಪರಿಚಯಿಸಿ. ಇಲ್ಲದಿದ್ದರೆ ಸತ್ತವನು ಯಾರು ಎಂದು ಪಕ್ಕದವರನ್ನು ಕೇಳುವಂತಾಗುತ್ತದೆ. ಮತ್ತು ಆಚರಣೆಯಲ್ಲಿ ಆಡುವ ಮಾತಿಗೂ ಕೊಲೆಗೂ ನೇರ ಕೊಂಡಿ ಬೇಕು. ಕೊಂಡಿ ಇಲ್ಲದೆ ಮಂಗಳಾರತಿಯನ್ನೂ ರಕ್ತವನ್ನೂ ಒಟ್ಟಿಗೆ ತೋರಿಸುವುದು ಈಗ ಸವಕಲು.

ಬೆಳಕು ಇಷ್ಟು ಕಡಿಮೆ ಇಡುವುದು ಯಾಕೆ?

1930-40ರ ದಶಕದ ಕಪ್ಪುಬಿಳುಪು ಚಿತ್ರಗಳು ಜರ್ಮನ್ ಅಭಿವ್ಯಕ್ತಿವಾದದಿಂದ ನೆರಳಿನ ಪಾಠ ಕಲಿತವು. ಬಣ್ಣದಲ್ಲಿ ದಾರಿ ತೋರಿಸಿದವರು 'ದಿ ಗಾಡ್‌ಫಾದರ್'ನ ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್: ತಲೆಯ ಮೇಲಿನಿಂದ ಮೆದು ಬೆಳಕು, ಹುಬ್ಬಿನ ನೆರಳು ಬಿದ್ದು ಕಣ್ಣುಗುಳಿ ಕಪ್ಪು. ಮಾತು ಕೇಳುತ್ತದೆ, ಮನಸ್ಸು ಕಾಣುವುದಿಲ್ಲ. ಎಚ್ಚರಿಕೆ ಏನೆಂದರೆ, ಆ ಚಿತ್ರದಲ್ಲಿ ಕತ್ತಲ ಕೋಣೆಗೆ ಹೊರಗಿನ ಮದುವೆಯ ಬಿಸಿಲು ಜೋಡಿಯಾಗಿತ್ತು. ಇಡೀ ಚಿತ್ರವೇ ಕತ್ತಲಾದರೆ ಯಾವ ಕತ್ತಲಿಗೂ ಬೆಲೆ ಇರುವುದಿಲ್ಲ.

ಗುಂಡಿನ ಕಾಳಗದಲ್ಲಿ ಸಾಮಾನ್ಯವಾಗಿ ಏನೇನು ತಪ್ಪುತ್ತಾರೆ?

ಬಹಳ. ಮೊದಲು ಟಾಮಿ ಗನ್, ಅಂದರೆ ಥಾಂಪ್ಸನ್ ಸಬ್‌ಮಷಿನ್‌ಗನ್. ದುಂಡು ಡ್ರಮ್ಮಿನಲ್ಲಿ 50 ಇಲ್ಲವೇ 100 ಗುಂಡು. 1921ರ ಮಾದರಿಯ ವೇಗ ನಿಮಿಷಕ್ಕೆ ಸುಮಾರು 800. ಲೆಕ್ಕ ಹಾಕಿ: ಬೆರಳು ಎತ್ತದೆ ಹೊಡೆದರೆ 50ರ ಡ್ರಮ್ಮು 4 ಸೆಕೆಂಡಿನೊಳಗೆ ಖಾಲಿ, 100ರದು ಎಂಟಕ್ಕೂ ಕಡಿಮೆ. ತೆರೆಯ ಮೇಲೆ ಅರ್ಧ ನಿಮಿಷ ಹೊಡೆಯುತ್ತಲೇ ಇರುತ್ತಾರೆ.

ರಿವಾಲ್ವರ್ ಖಾಲಿ ಚಿಪ್ಪನ್ನು ಹೊರಗೆ ಎಸೆಯುವುದಿಲ್ಲ, ಅದು ಸಿಲಿಂಡರಿನಲ್ಲೇ ಉಳಿಯುತ್ತದೆ. ಹಾಗಾಗಿ ರಿವಾಲ್ವರ್ ಕೊಲೆಯ ನಂತರ ನೆಲದ ಮೇಲೆ ಚಿಪ್ಪು ಚೆಲ್ಲಿರುವ ಶಾಟ್ ಸುಳ್ಳು. ಎಂ1911 ಬಗೆಯ ಪಿಸ್ತೂಲಿನಲ್ಲಿ ಗುಂಡು ಮುಗಿದಾಗ ಮೇಲಿನ ಸ್ಲೈಡ್ ಹಿಂದಕ್ಕೆ ಹೋಗಿ ನಿಂತುಬಿಡುತ್ತದೆ. ಆಮೇಲೆ ಕ್ಲಿಕ್ ಕ್ಲಿಕ್ ಸದ್ದು ಬರುವ ಮಾತೇ ಇಲ್ಲ. ಸೈಲೆನ್ಸರ್ ಹಾಕಿದರೆ 'ಫುಸ್' ಅನ್ನುವುದೂ ಕಟ್ಟುಕಥೆ: ಸುಮಾರು 160 ಡೆಸಿಬೆಲ್ ಸದ್ದಿನಲ್ಲಿ 20ರಿಂದ 35 ಕಡಿಮೆಯಾಗಬಹುದು, ಪಕ್ಕದ ಕೋಣೆಗೆ ಆಗಲೂ ಕೇಳುತ್ತದೆ. ಸಾಮಾನ್ಯ ರಿವಾಲ್ವರಿಗೆ ಅದನ್ನು ಸಿಕ್ಕಿಸಿ ಪ್ರಯೋಜನವೇ ಇಲ್ಲ, ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಸದ್ದು ಹೊರಬರುತ್ತದೆ. ಕಾರಿನ ಬಾಗಿಲು ತಗಡು, ಗುಂಡು ತಡೆಯುವುದಿಲ್ಲ. ಅಡಗಬೇಕಾದರೆ ಎಂಜಿನ್ ಬ್ಲಾಕಿನ ಹಿಂದೆ. ಗುಂಡು ಬಿದ್ದವನು ಹಿಂದಕ್ಕೆ ಹಾರಿಬೀಳುವುದು ಭೌತಶಾಸ್ತ್ರಕ್ಕೆ ಒಪ್ಪುವುದಿಲ್ಲ, ಸುಮ್ಮನೆ ಕುಸಿಯುತ್ತಾನೆ.

ಕಾಲದ ತಪ್ಪುಗಳೂ ಇವೆ. ಎಫ್‌ಬಿಐ ಎಂಬ ಹೆಸರು ಬಂದದ್ದು 1935ರಲ್ಲಿ, 1931ರ ಕಥೆಯಲ್ಲಿ ಆ ಹೆಸರು ಹೇಳಿಸಬಾರದು. ಪೊಲೀಸ್ ಕಾರಿಗೆ ರೇಡಿಯೋ ಸಂದೇಶ ಕಳಿಸುವುದು ಡೆಟ್ರಾಯಿಟ್‌ನಲ್ಲಿ 1928ರಲ್ಲಿ ಶುರುವಾಯಿತು, ಅದೂ ಒಂದೇ ದಿಕ್ಕಿಗೆ. ಕಾರಿನಿಂದ ತಿರುಗಿ ಉತ್ತರಿಸುವ ವ್ಯವಸ್ಥೆ ಆಗ ಇರಲಿಲ್ಲ.

ಗುಂಡೇಟನ್ನು ಚಿತ್ರೀಕರಿಸುವುದು ಹೇಗೆ?

'ಪಬ್ಲಿಕ್ ಎನಿಮಿ'ಯ ಕಾಲದಲ್ಲಿ ಗುರಿಕಾರನನ್ನು ಕೂರಿಸಿ ನಿಜವಾದ ಗುಂಡನ್ನೇ ಗೋಡೆಗೆ ಹೊಡೆಸಿದ್ದುಂಟು. ಇವತ್ತು ಯೋಚಿಸಲೂ ಬಾರದ ಕೆಲಸ. ಆಮೇಲೆ ಬಂದದ್ದು ಸ್ಕ್ವಿಬ್: ಚಿಕ್ಕ ಸಿಡಿಮದ್ದು, ಅದರ ಮುಂದೆ ಬಣ್ಣದ ರಕ್ತದ ಪುಟ್ಟ ಚೀಲ, ಹಿಂದೆ ನಟನ ಮೈ ಕಾಯುವ ಗಟ್ಟಿ ಫಲಕ. ಬಟ್ಟೆಯನ್ನು ಒಳಗಿನಿಂದ ಮರಳು ಕಾಗದದಲ್ಲಿ ಉಜ್ಜಿ ತೆಳು ಮಾಡಿರುತ್ತಾರೆ, ಇಲ್ಲವಾದರೆ ಅದು ಹರಿಯದೆ ಉಬ್ಬಿಕೊಂಡು ನಿಲ್ಲುತ್ತದೆ. ಒಂದು ಟೇಕಿಗೆ ಒಂದು ಜೊತೆ ಬಟ್ಟೆ ಹೋಯಿತೆಂದೇ ಲೆಕ್ಕ, ಕನಿಷ್ಠ ಮೂರು ಜೊತೆ ಇಟ್ಟುಕೊಳ್ಳಿ. ಹೆಚ್ಚಾಗಿ ಕೆಡುವುದು ಸಮಯ: ಮದ್ದು ಸಿಡಿಯುವ ಮೊದಲೇ ನಟ ನರಳುತ್ತಾನೆ. 1967ರ 'ಬಾನಿ ಅಂಡ್ ಕ್ಲೈಡ್'ನ ಕೊನೆಯ ದೃಶ್ಯದಲ್ಲಿ ಹಲವು ಕ್ಯಾಮೆರಾಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ ತೆಗೆದ ಮೇಲೆ ರಕ್ತ ತೋರಿಸುವ ರೀತಿಯೇ ಬದಲಾಯಿತು.

ಸ್ಕ್ವಿಬ್ ಕೆಲಸ ಪರವಾನಗಿ ಇರುವ ಪರಿಣತರದ್ದೇ. ಬ್ಲ್ಯಾಂಕ್, ಅಂದರೆ ಮುಂದಿನ ತುದಿಯಿಲ್ಲದೆ ಮದ್ದು ಮಾತ್ರ ತುಂಬಿದ ಗುಂಡೂ ಆಟಿಕೆಯಲ್ಲ. ಹತ್ತಿರದಿಂದ ಬಿಸಿ ಅನಿಲವೇ ಕೊಲ್ಲಬಲ್ಲದು. 1993ರಲ್ಲಿ ನಟ ಬ್ರಾಂಡನ್ ಲೀ ಸತ್ತದ್ದು ನಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಡಮ್ಮಿ ಗುಂಡಿನ ತುದಿಯನ್ನು ನಂತರದ ಬ್ಲ್ಯಾಂಕ್ ತಳ್ಳಿದ್ದರಿಂದ. ಸಣ್ಣ ಬಜೆಟ್ಟಿನವರು ಗಾಳಿ ಒತ್ತಡದ ಯಂತ್ರ, ಗುಂಡು ಹಾರಿಸದ ನಕಲಿ ಬಂದೂಕು, ಎಡಿಟಿಂಗ್‌ನಲ್ಲಿ ಸೇರಿಸುವ ಮಿಂಚು, ಇಷ್ಟರಲ್ಲೇ ಮುಗಿಸುವುದು ಕ್ಷೇಮ.

ಬೇರೆ ಬೇರೆ ಕಡೆ ಈ ರೂಢಿಗಳು ಹೇಗೆ ಬದಲಾಗುತ್ತವೆ?

ಜಪಾನಿನಲ್ಲಿ 1960ರ ದಶಕದ ನಿಂಕ್ಯೊ ಚಿತ್ರಗಳ ನಾಯಕ ಕರ್ತವ್ಯಕ್ಕೂ ಮಮತೆಗೂ ನಡುವೆ ಸಿಲುಕಿ ಕೊನೆಗೆ ಕತ್ತಿ ಹಿಡಿದು ಒಬ್ಬನೇ ನಡೆಯುವ ಗೌರವಸ್ಥ. 1973ರಲ್ಲಿ ಕಿಂಜಿ ಫುಕಾಸಾಕು ಹಿರೋಷಿಮಾದ ಯುದ್ಧೋತ್ತರ ಗುಂಪುಗಳ ಕಥೆ ತೆಗೆದು ಆ ಗೌರವದ ಮುಸುಕು ಕಿತ್ತುಹಾಕಿದರು: ಅಲುಗಾಡುವ ಕ್ಯಾಮೆರಾ, ಸತ್ತವನ ಮೇಲೆ ಚಿತ್ರ ನಿಲ್ಲಿಸಿ ಹೆಸರು, ತಾರೀಖು. ಫ್ರಾನ್ಸಿನವರು ಮೌನಕ್ಕೆ ಹೆಸರುವಾಸಿ. 1955ರ 'ರಿಫಿಫಿ'ಯಲ್ಲಿ ಸುಮಾರು ಅರ್ಧ ಗಂಟೆಯ ಕಳ್ಳತನ ಮಾತು, ಸಂಗೀತ ಎರಡೂ ಇಲ್ಲದೆ ನಡೆಯುತ್ತದೆ. ಹಾಂಗ್‌ಕಾಂಗ್ 1986ರಿಂದ ಎರಡು ಕೈಗೂ ಪಿಸ್ತೂಲು ಕೊಟ್ಟು ಅಣ್ಣತಮ್ಮಂದಿರ ಕಣ್ಣೀರು ಬೆರೆಸಿತು. ಅಲ್ಲಿಯದೇ 2002ರ 'ಇನ್‌ಫರ್ನಲ್ ಅಫೇರ್ಸ್' ಪೊಲೀಸರಲ್ಲಿ ಒಬ್ಬ ಗೂಢಚಾರ, ಗುಂಪಿನಲ್ಲಿ ಇನ್ನೊಬ್ಬ ಎಂಬ ಜೋಡಿ ರಚನೆ ಕೊಟ್ಟಿತು.

ಕನ್ನಡ ಚಿತ್ರಗಳಲ್ಲಿ ಬಂದೂಕಿನ ಜಾಗದಲ್ಲಿ ಲಾಂಗು, ಮಚ್ಚು. ಇದು ಬರೀ ಆಯುಧದ ಬದಲಾವಣೆಯಲ್ಲ. ಗುಂಡನ್ನು ರಸ್ತೆಯ ಆಚೆಯಿಂದ ಹೊಡೆಯಬಹುದು, ಮಚ್ಚಿಗೆ ತೋಳಳತೆಗೆ ಬರಬೇಕು. ಹಾಗಾಗಿ ಅಟ್ಟಿಸಿಕೊಂಡು ಹೋಗುವುದು, ಸುತ್ತುವರಿಯುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಎಲ್ಲ ತಾನಾಗಿ ಬರುತ್ತದೆ.

ಈ ಚಿತ್ರಗಳು ರೌಡಿಗಳನ್ನು ವೈಭವೀಕರಿಸುವುದಿಲ್ಲವೇ?

ಕೆಲವು ಖಂಡಿತ ಮಾಡುತ್ತವೆ. ಏರಿಕೆಯನ್ನು ಚೆಂದ ಮಾಡದಿದ್ದರೆ ಯಾಕೆ ಇವರು ಸೇರುತ್ತಾರೆ ಎಂದು ಅರ್ಥವಾಗುವುದಿಲ್ಲ. ಮಾಡಿದರೆ ಪ್ರೇಕ್ಷಕ ಅಷ್ಟನ್ನೇ ಮನೆಗೆ ಒಯ್ಯುತ್ತಾನೆ. ಎಚ್ಚರಿಕೆಯ ಫಲಕ ಹಾಕುವುದು 1930ರ ದಶಕದಿಂದಲೂ ಇದೆ, ಯಾರನ್ನೂ ತಡೆದಂತಿಲ್ಲ. ಹೆಚ್ಚು ಕೆಲಸ ಮಾಡುವುದು ಬಲಿಯಾದವರಿಗೆ ಹೆಸರು, ಮನೆ, ಒಂದೆರಡು ನಿಮಿಷ ಕೊಡುವುದು, ಮತ್ತು ಕೊಲೆಗೆ ಬಿಲ್ಡಪ್ ಸಂಗೀತ ಹಾಕದಿರುವುದು. ನೇಪಲ್ಸಿನ ಕಾಮೊರಾ ಎಂಬ ಅಪರಾಧ ಗುಂಪುಗಳ ಕುರಿತ 2008ರ 'ಗೊಮೊರಾ'ದಲ್ಲಿ ಇಬ್ಬರು ಹುಡುಗರು ಪಾಳುಮನೆಯಲ್ಲಿ 1983ರ 'ಸ್ಕಾರ್‌ಫೇಸ್' ನಾಯಕನಂತೆ ನಟಿಸಿ ಕುಣಿಯುತ್ತಾರೆ. ನಿಜವಾದ ಬಾಸ್‌ಗಳಿಗೆ ಅವರು ಬರೀ ತಲೆನೋವು, ಅವರ ಅಂತ್ಯವೂ ಹಾಗೇ ಆಗುತ್ತದೆ.

ಹೊಸದಾಗಿ ನೋಡುವವರು ಎಲ್ಲಿಂದ ಶುರು ಮಾಡಬೇಕು?

ಕಾಲಾನುಕ್ರಮದಲ್ಲಿ ಹೋಗಬೇಡಿ, 1931ರ ಚಿತ್ರಗಳ ಧ್ವನಿ ಗುಣಮಟ್ಟಕ್ಕೆ ಮೊದಲ ದಿನವೇ ಬೇಸರವಾಗಬಹುದು. 'ದಿ ಗಾಡ್‌ಫಾದರ್' ನೋಡಿ, ಮರುದಿನವೇ 'ಗುಡ್‌ಫೆಲಾಸ್' ನೋಡಿ. ಒಂದು ಅರಮನೆಯ ಒಳಗಿನಿಂದ, ಇನ್ನೊಂದು ಬೀದಿಯಿಂದ. ಅವೆರಡರ ನಂತರ 'ದಿ ಪಬ್ಲಿಕ್ ಎನಿಮಿ'ಗೆ ಹಿಂತಿರುಗಿದರೆ ಎಷ್ಟೊಂದು ರೂಢಿಗಳು ಅಲ್ಲಿಂದಲೇ ಬಂದಿವೆ ಎಂದು ಗುರುತು ಸಿಗುತ್ತದೆ. ನಾಲ್ಕನೆಯದಾಗಿ ಫುಕಾಸಾಕು ಅವರ 1973ರ 'ಬ್ಯಾಟಲ್ಸ್ ವಿದೌಟ್ ಆನರ್ ಅಂಡ್ ಹ್ಯುಮ್ಯಾನಿಟಿ'. ಅದರಲ್ಲಿ ಹೆಸರುಗಳು ಮಳೆಯಂತೆ ಸುರಿಯುತ್ತವೆ, ಗುಂಪುಗಳ ಒಂದು ನಕ್ಷೆ ಬರೆದುಕೊಂಡು ಕೂತರೆ ಸುಲಭ. ಐದನೆಯದಾಗಿ 'ಇನ್‌ಫರ್ನಲ್ ಅಫೇರ್ಸ್'. ಅದರ ಅಮೆರಿಕನ್ ರೂಪ, 2006ರ 'ದಿ ಡಿಪಾರ್ಟೆಡ್', ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದಿದ್ದರೂ ಮೂಲವನ್ನು ಮೊದಲು ನೋಡಿ: ಹೆಚ್ಚುಕಡಿಮೆ ಅದೇ ಕಥೆಯನ್ನು ಅದು ಸುಮಾರು 50 ನಿಮಿಷ ಕಡಿಮೆ ಅವಧಿಯಲ್ಲಿ ಮುಗಿಸುತ್ತದೆ.